ನಮ್ಮಕ್ಕನೂ ಸರಕಾರದ ಹತ್ತಿ ಪರೀಕ್ಷೆಯೂ

ಸರಕಾರ ಮಂಜೂರಿ ಮಾಡಿದ ಕೆಲಸ ಒಂದು ಊರಿಗೆ ಬಂತಂದ್ರ, ಅದು ಊರು ಬಿಟ್ಟು ಹೋಗೋತನಕ ದಿನಕ್ಕೊಂದು ತಮಾಷೆ ಆಗತಾನ ಇರತೈತಿ. ನಮ್ಮ ರೋಣದಾಗ ಆದದ್ದು ಹೇಳತೀನಿ, ಕೇಳ್ರಿ. ನಗು ಬಂದ್ರ ನಗ್ರಿ. ನಾನೂ ನಕ್ಕೀನಿ, ಸೆರಗು ಕಣ್ಣಿಗೆ ಒತ್ತಿಕೊಂಡು.

ಮುಂಬಯಿಯ ದೊಡ್ಡ ಸಾಲಿಯೊಳಗ ಗಿಡ-ಬಳ್ಳಿಯ ವಿದ್ಯಾ ಕಲಿಸೋ ಸಾಹೇಬರೊಬ್ಬರು. ನಮ್ಮೂರ ಹತ್ತಿ ಸಾವಕಾರ್ರೊಬ್ಬರು. ಇಬ್ಬರನ್ನೂ ಕಂಪನಿ ಸರಕಾರ ಜೋಡಿ ಮಾಡಿತು. ಸಾಹೇಬರ ವಿದ್ಯಾ, ಸಾವಕಾರ್ರ ಹೊಲ ಮತ್ತು ವಖಾರಿ, ಸರಕಾರದ ರೊಕ್ಕ. ಮೂರೂ ಕೂಡಿ ಪರೀಕ್ಷಾ ಮಾಡಬೇಕಾದದ್ದು ಏನಪಾ ಅಂದ್ರ, ನಮ್ಮ ಎರಿ ಭೂಮಿಗೆ ಜವಾರಿ ಹತ್ತಿ ಚಲೋನೋ ವಿಲಾಯತಿ ಹತ್ತಿ ಚಲೋನೋ. ಹತ್ತಿಯೊಳಗಿನ ಕಾಳು ಬಿಡಸೋದಕ್ಕ ಹೆಂಗಸರ ಕಾಲು ಚಲೋನೋ, ಗರಗಸದ ಹಲ್ಲಿನ ಯಂತ್ರ ಚಲೋನೋ.

ಹೆಂಗಸರ ಕಾಲಿಗೆ ಇದರಾಗ ಏನು ಕೆಲಸ ಅಂತೀರಿ? ಹಾಸುಗಲ್ಲಿನ ಮ್ಯಾಲೆ ಹತ್ತಿ ಹರವಬೇಕು. ಸಣ್ಣ ಮಣಿ ಮ್ಯಾಲೆ ಕುಂತು, ಕಾಲಿಗೆ ಕಟಗಿ ಹಾವಿಗಿ ಮೆಟ್ಟಿ, ಕಬ್ಬಿಣದ ಸಳಿಯನ್ನ ಪಾದದಲೆ ಹಿಂದ-ಮುಂದ ಉರುಳಿಸಬೇಕು. ಅರಳಿ ಒಂದು ಕಡೆ ಉಳಿತೈತಿ, ಕಾಳು ಒಂದು ಕಡೆ ಜಿಗಿತಾವ. ಸೊಂಟ ಮಾತ್ರ ಎರಡೂ ಕಡೆ ನೋಯತೈತಿ.

ನಮ್ಮಕ್ಕ ಈ ಕೆಲಸದ ಮ್ಯಾಲೆ ಜೀವನಾ ತಗದಾಕಿ. ಗಂಡ ಸಣ್ಣ ವಯಸ್ಸಿನಾಗ ಹೋದ. ಹಡದ ಒಂದ ಕೂಸೂ ಉಳೀಲಿಲ್ಲ. ನನ್ನ ಮನಿ ಮಗ್ಗಲ ಖೋಲಿಯೊಳಗ ಇರತಿದ್ದಳು, ಒಲಿ ಮಾತ್ರ ತನ್ನದ ಬ್ಯಾರೆ. "ಅಕ್ಕಾ, ರೊಟ್ಟಿ ಹೆಚ್ಚ ಬಡದೀವಿ, ಬಾ" ಅಂದ್ರ, "ಅದು ನಿನ್ನ ಮಗ ದುಡದ ರೊಟ್ಟಿ ತಂಗಿ. ನನ್ನ ಕಾಲು ಆಡೋತನಕ ನನ್ನ ರೊಟ್ಟಿ ನಾ ತಿಂತೀನಿ" ಅಂತಿದ್ದಳು. ಯಂತ್ರ ಗೆದ್ದರ ಸಾವಕಾರ್ರ ವಖಾರಿಯ ಹತ್ತಿಯೆಲ್ಲಾ ಅದರ ಬಾಯಿಗೆ ಹೋಗತಿತ್ತು. ಅಕ್ಕಗ ನನ್ನ ಮಗನ ಮನಿ ಬಾಗಲಾ ಒಂದ ಉಳಿತಿತ್ತು.

ನಡುವಿನಾಕಿ

ಯಂತ್ರದ ಎದುರಿಗೆ ಕುಂತು ಹಳೇ ರೀತಿಲೆ ಹತ್ತಿ ಬಿಡಸೋದಕ್ಕ ಒಬ್ಬ ಹೆಣಮಗಳು ಬೇಕಾದಳು. ಪರೀಕ್ಷಾ ಮುಗಿಯೋತನಕ ದಿನಾ ಸರಕಾರದ ಕೂಲಿ. ಸಾಹೇಬರ ಕಾರಕೂನರು ನಮ್ಮ ಓಣಿಗೆ ಬಂದ್ರು. ಸಾಹೇಬರ ಮಾತು ನಮಗ, ನಮ್ಮ ಮಾತು ಸಾಹೇಬರಿಗೆ ಮುಟ್ಟಸೋರು ಅವರ.

"ನೋಡ್ರೆವ್ವಾ, ಪರೀಕ್ಷಾ ನ್ಯಾಯದಿಂದ ಆಗಬೇಕು ಅಂತಾರ ಸಾಹೇಬರು. ಭಾಳ ಚಲೋ ಬಿಡಸಾಕಿ ಬ್ಯಾಡ, ಭಾಳ ಕೆಟ್ಟ ಬಿಡಸಾಕಿನೂ ಬ್ಯಾಡ. ನಿಮ್ಮೊಳಗ ನಡುವಿನಾಕಿ ಯಾರೋ ಅಕಿ ಮುಂದ ಬರ್ರಿ."

ಓಣಿಯ ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಒಬ್ಬಾಕಿ ಆಕಾಶಾ ನೋಡಿದಳು. ರೊಟ್ಟಿ ಬಡಿಯೋದು, ಮಕ್ಕಳ ಹಡಿಯೋದು, ಹತ್ತಿ ಬಿಡಸೋದು, ಈ ಮೂರರಾಗ "ನಾ ನಡುವಿನಾಕಿ" ಅಂತ ಒಪ್ಪಿಕೊಂಡ ಹೆಣಮಗಳನ್ನ ನಾ ಇನ್ನೂ ನೋಡಿಲ್ಲ. ಕಾರಕೂನರು ಮುಂದಿನ ಓಣಿಗೆ ಹೊಂಟರು. ಆಗ ನಮ್ಮಕ್ಕ ಮೊಣಕಾಲ ಹಿಡಕೊಂಡು ಎದ್ದಳು.

"ನನ್ನ ಬರಕೋರಿ. ನಾನ ನಡುವಿನಾಕಿ."

ಅಕ್ಕನ ಅರಳಿ ಅಂದ್ರ ಪ್ಯಾಟ್ಯಾಗ ಕೈಲೆ ಮುಟ್ಟಿ ಗುರತ ಹಿಡಿತಿದ್ರು, ಅಂಥಾದ್ದು. ಕೂಲಿ ಸಲುವಾಗಿ ಅದನ್ನೂ ಬಿಟ್ಟುಕೊಟ್ಟಳು. ಎದುರುಮನಿಯಾಕಿ ಮಾತ್ರ ಎರಡೂ ಕೈ ಎತ್ತಿ ಮುಗದಳು. ಯಾರ ಅರಳಿ ಬೆಳ್ಳಗ ಅಂತ ಅಕ್ಕನ ಜೋಡಿ ವಯಸ್ಸೆಲ್ಲಾ ಜಗಳಾಡಿದಾಕಿ ಅಕಿ.

"ಯಪ್ಪಾ ವೀರಭದ್ರಾ! ಈ ಒಂದು ಮಾತು ಇಕಿ ಬಾಯಾಗಿಂದ ಹೊಂಡಸೋದಕ್ಕ ನಾ ತಲಿಯೆಲ್ಲಾ ಬೆಳ್ಳಗ ಮಾಡಿಕೊಂಡೆ. ಸರಕಾರ ನೋಡ್ರಿ, ಒಂದ ಮುಂಜಾನ್ಯಾಗ ಹೊಂಡಸಿತು!"

ಖಾಲಿ ಜಾಗಾ

ಯಂತ್ರ ಧಾರವಾಡದ ಕಡೆಯಿಂದ ನರಗುಂದದ ಹಾದಿ ಹಿಡದು ಬಂಡಿಯೊಳಗ ಬರಬೇಕಾಗಿತ್ತು. ಮಳಿ ಹತ್ತಿತು. ನಮ್ಮ ಎರಿ ಮಣ್ಣು ನಿಮಗ ಗೊತ್ತಲ್ಲ, ಒಮ್ಮೆ ಕಾಲು ಹಿಡೀತಂದ್ರ ಹೆತ್ತತಾಯಿ ಅಪ್ಪಿಕೊಂಡಾಂಗ. ಬಂಡಿ ಹುಗೀತು. ಹುಗದದ್ದರ ಎಲ್ಲಿ? ನರಗುಂದ ಸಂಸ್ಥಾನದ ಸೀಮಿ ಮುಗದು ಕಂಪನಿಯ ಸೀಮಿ ಸುರು ಆಗೋ ಗಡಿಗಲ್ಲಿನ ಹತ್ತರ. ಎತ್ತು ಕಂಪನಿಯೊಳಗ, ಗಾಲಿ ಸಂಸ್ಥಾನದೊಳಗ.

ಸಾವಕಾರ್ರು ಆಳು ಕಟ್ಟಿಕೊಂಡು ಎಳಸೋದಕ್ಕ ಹೋದ್ರ ಸಂಸ್ಥಾನದ ಸುಂಕದವ ಅಡ್ಡ ನಿಂತ.

"ಯಂತ್ರದ ಸುಂಕ ಕೊಟ್ಟು ಆಮ್ಯಾಲೆ ಎಳೀರಿ."

"ಸರಕಾರದ ಮಾಲಿಗೆ ಎಲ್ಲೀದೋ ಸುಂಕ? ಅದೂ ಬಂಡಿ ದಾಟೇತಿ. ಕಣ್ಣು ತಗದು ನೋಡು, ಎತ್ತು ಅತ್ತಾಗ ಅದಾವ."

"ಎತ್ತಿಗೆ ನಾ ಎಲ್ಲಿ ಕೇಳೀನ್ರಿ? ಅವನ್ನ ಬಿಚ್ಚಿಕೊಂಡು ಹೋಗ್ರಿ."

ಅಲ್ಲಿ ಈ ವಾದ ನಡದಿತ್ತು. ಇಲ್ಲಿ ಪರೀಕ್ಷಾ ಸುರು ಆಗಿಬಿಟ್ಟಿತ್ತು, ಯಾಕಂದ್ರ ಸರಕಾರ ಗೊತ್ತು ಮಾಡಿದ ದಿನಾ ತಪ್ಪೋಹಂಗಿಲ್ಲ. ಸಾವಕಾರ್ರ ವಖಾರಿಯೊಳಗ ಯಂತ್ರ ಇಡೋ ಜಾಗಾ ಸಾರಿಸಿ ರಂಗೋಲಿ ಹಾಕಿದ್ರು. ಎದುರಿಗೆ ಅಕ್ಕನ ಹಾಸುಗಲ್ಲು. ಆ ಖಾಲಿ ಜಾಗಾ ನೋಡಿಕೋತ ಅಕ್ಕ ದಿನಾ ಸಳಿ ಉರುಳಸತಿದ್ದಳು. ಸಂಜಿಗೆ ಕಾರಕೂನರು ಬಂದು ಅಕಿಯ ಅರಳಿ ತೂಗಸಿ, ರಂಗೋಲಿ ಕಡೆನೂ ಒಮ್ಮೆ ನೋಡಿ, ಎಲ್ಲಾರಿಗೂ ಕೇಳೋಹಂಗ ಹೇಳತಿದ್ರು: "ಇವತ್ತೂ ಮುದುಕಿನ ಗೆದ್ದಾಳ!"

ಆ ದಿನಗೋಳು ಅಕ್ಕನ ಮಾರಿಮ್ಯಾಲೆ ಇದ್ದ ಕಳಾ ನಾ ಮದಿವ್ಯಾಗೂ ನೋಡಿದ್ದಿಲ್ಲ. ಹಾದ್ಯಾಗ ಬರೋವಾಗ ನನ್ನ ಕೈ ಹಿಡಕೊಂಡು, "ತಂಗಿ, ಆ ಯಂತ್ರ ಬಂದ ಮ್ಯಾಲೂ ಹಿಂಗ ಗೆಲ್ಲತೀನಿ ನೋಡು" ಅಂದಳು.

"ಹ್ಯಾಂಗ ಅಕ್ಕಾ? ಅದು ಕಬ್ಬಿಣ, ನೀ ಮುದುಕಿ."

"ಆ ಸುಂಕದವನ ಮುಂದ ನಿಂತು ನಿಂತು ಅದೂ ಮುದುಕಿ ಆಗಿರತೈತಿ ಬಿಡ."

ಗೊಬ್ಬರ

ಎಳ್ಳಮಾಸಿ ಬಂತು. ಆ ದಿನ ನಾವೆಲ್ಲಾ ಬುಟ್ಟಿ ಹೊತ್ತುಕೊಂಡು ಹೊಲಕ್ಕ ಹೋಗತೀವಿ. ಸಜ್ಜಿ ರೊಟ್ಟಿ, ಕಡಬು, ಎಳ್ಳ ಹೋಳಿಗಿ, ಪುಂಡಿಪಲ್ಯ. ಮೊದಲ ಹೊಲಕ್ಕೆಲ್ಲಾ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಆಮ್ಯಾಲೆ ನಾವು ಉಣ್ಣೋದು. ಸಾವಕಾರ್ರ ಹೊಲದಾಗ ಅರ್ಧ ಜವಾರಿ ಹತ್ತಿ, ಅರ್ಧ ವಿಲಾಯತಿ. ಅಕ್ಕ ಮುಂದ, ನಾ ಹಿಂದ. ಜವಾರಿ ಕಡೆ ಚೆಲ್ಲಿಕೋತ ಹೋಗಿ, ವಿಲಾಯತಿ ಸಾಲು ಬಂದಕೂಡಲೇ ಅಕ್ಕ ನಿಂತಳು.

ಗರಗಸದ ಯಂತ್ರಕ್ಕ ವಿಲಾಯತಿ ಹತ್ತಿ ಸಲೀಸು ಅಂತ ಊರಿಗೆಲ್ಲಾ ಗೊತ್ತಾಗಿತ್ತು. ಈ ಬೆಳಿ ಚಲೋ ಬಂದಷ್ಟೂ ಅಕ್ಕಗ ಕೆಟ್ಟದ್ದು. ನಾ ಮೆಲ್ಲಕ ಅಂದೆ, "ಅಕ್ಕಾ, ಮುಂದ ನಡಿ. ಅದಕ್ಕ ಹಾಕಬ್ಯಾಡ."

"ಹೋಗ ಹುಚ್ಚಿ. ಉಣ್ಣೋ ದಿನ ಒಬ್ಬರನ್ನ ಹಸಕೊಂಡು ಬಿಟ್ಟು ಹೋಗಲೇನ? ತವರೂರು ಬಿಟ್ಟು ಸಮುದ್ರಾ ದಾಟಿ ಬಂದೈತಿ ಪಾಪ." ಹಂಗಂದು ವಿಲಾಯತಿ ಗಿಡಕ್ಕ ಎರಡು ಪಾಲು ಚೆಲ್ಲಿದಳು.

ಸಾಹೇಬರು ದಂಡಿಮ್ಯಾಲೆ ನಿಂತು ನೋಡತಿದ್ರು. ಟೊಪ್ಪಿಗಿ ತಗದು ಓಡಿಕೋತ ಬಂದ್ರು, ಹಿಂದ ಕಾರಕೂನರು. "ಏನು ಮಾಡಿದ್ರೆವ್ವಾ! ಎರಡೂ ಕಡೆ ಸಮ ಸಮ ಉಪಚಾರ ಆಗಬೇಕು, ಇಲ್ಲದಿದ್ರ ಪರೀಕ್ಷಾನ ಕೆಡತದ ಅಂತಾರ. ಚೆಲ್ಲಿದ್ದೆಲ್ಲಾ ಆರಿಸಿ ತಗೀರಿ!"

"ಕಾಗಿ ಆಗಲೇ ಆರಿಸ್ಯಾವ್ರಿ" ಅಂದೆ ನಾನು.

ಸಾಹೇಬರು ಭಾಳ ಹೊತ್ತು ವಿಚಾರ ಮಾಡಿದ್ರು. ಕಡೀಕ ಹಕೀಕತ್ತು ಇಷ್ಟಾತು: ಜವಾರಿ ಕಡೆಗೂ ಕಡಿಮಿ ಬಿದ್ದಷ್ಟು ಚೆಲ್ಲಬೇಕು. ಮತ್ತ ಅಡಗಿ ಮಾಡ್ರಿ, ಖರ್ಚು ಸರಕಾರದ್ದು. ಆದ್ರ ಸರಕಾರದ ಮಂಜೂರಿಯೊಳಗ ಹೋಳಿಗಿ ಅನ್ನೋದ ಇಲ್ಲ. ಬೀಜ ಐತಿ, ಗೊಬ್ಬರ ಐತಿ. ಕಾರಕೂನರು ಆ ಅಡಗಿಯೆಲ್ಲಾ ಗೊಬ್ಬರದ ಖರ್ಚಿಗೆ ಹಾಕಿದ್ರು. ಮತ್ತ ಬುಟ್ಟಿ ತುಂಬಿತು, ಮತ್ತ ಚೆಲ್ಲಿದಿವಿ. ಸಾಹೇಬರ ಕೈಯಾಗೂ ಅಕ್ಕ ಒಂದು ಎಳ್ಳ ಹೋಳಿಗಿ ಇಟ್ಟಳು, ಮ್ಯಾಲೊಂದು ಬೆಣ್ಣಿ ಉಂಡಿ. ತಿಂದ ಮ್ಯಾಲೆ ಅವರು ಏನೋ ಕೇಳಿದ್ರು. ಕಾರಕೂನರು ನಗು ತಡಕೊಂಡು ಹೇಳಿದ್ರು:

"ಈ ಗೊಬ್ಬರ ಇನ್ನೊಂದು ಉಳದದ ಏನು ಅಂತ ಕೇಳ್ತಾರ."

ಗುಡ್ಡದ ದೇವರು

ಕಡೀಕ ಸುಂಕದ ವಾದ ತೀರಿ, ಬಂಡಿ ಎದ್ದು ಯಂತ್ರ ಬಂತು, ಅದರ ಆರ್ಭಟಾನ ಬ್ಯಾರೆ. ಗಂಡಾಳು ಹಿಡಿಕಿ ತಿರುವಿದ್ರ ಇತ್ತ ಹತ್ತಿ ನುಂಗತಿತ್ತು, ಅತ್ತ ಅರಳಿ ಉಗುಳತಿತ್ತು. ಕಾರಕೂನರು ಈಗ ಸಂಜಿಗೆ ಜೋರಲೆ ಏನೂ ಹೇಳತಿದ್ದಿಲ್ಲ. ಅಕ್ಕನ ಅರಳಿ ಸುಮ್ಮನ ತೂಗಿಸಿ, ಸುಮ್ಮನ ಹೋಗತಿದ್ರು. ಅಕ್ಕನೂ ಸುಮ್ಮನ ಮನಿಗೆ ಬಂದು ಕತ್ತಲ ಖೋಲ್ಯಾಗ ಕಾಲಿಗೆ ಎಣ್ಣಿ ಹಚ್ಚಿಕೋತಿದ್ದಳು. ಪರೀಕ್ಷಾ ನಡದಷ್ಟು ದಿನ ಕೂಲಿ ತಪ್ಪಲಿಕ್ಕಿಲ್ಲ ಅನ್ನೋದೊಂದ ಅಕಿಗೆ ಧೈರ್ಯ. ಆದ್ರ ಹೋಳಿ ಹುಣ್ಣಿವಿ ಮುಂದ ಇವರ ಮ್ಯಾಲಿನ ದೊಡ್ಡ ಸಾಹೇಬರು ಬಂದು ನೋಡಿ ಪರೀಕ್ಷಾ ಮುಗಸತಾರಂತ ಸುದ್ದಿ ಹುಟ್ಟಿತು.

"ತಂಗಿ, ಗಜೇಂದ್ರಗಡದ ಗುಡ್ಡಕ್ಕ ಹೋಗಿ ಹರಕಿ ಹೊರೋಣು" ಅಂದಳು ಅಕ್ಕ.

ಹೋದಿವಿ. ನಾವು ಪಾವಟಿಗಿ ಏರೋವಾಗ ಸಾವಕಾರ್ರು ಇಳದು ಬಂದ್ರು. ನಮ್ಮನ್ನ ನೋಡಿ ಕುಂಕುಮಾ ಒರಸಿಕೊಳ್ಳೋಹಂಗ ಮಾಡಿ, "ಹಿಂಗ ಹೋಗತಿದ್ದೆ, ಗಾಳಿ ಚಲೋ ಐತಿ ಅಂತ ಏರಿದೆ" ಅಂದು ಲಗೂಲಗೂ ಇಳದ್ರು. ಮ್ಯಾಲೆ ಪೂಜಾರಿ ಕಾಯಿ ಇಸಕೊಂಡು ಕೇಳಿದ:

"ಏನು ಹರಕಿ ತಾಯಿ?"

"ಹತ್ತಿ ಪರೀಕ್ಷಾ ಮುಗೀಬಾರದ್ರಿ."

ಪೂಜಾರಿ ಕಾಯಿ ಕೆಳಗ ಇಟ್ಟುಬಿಟ್ಟ. "ಮುಂಜಾನೆ ಕಾರಕೂನರು ಬಂದು ಸಾಹೇಬರ ಹೆಸರಲೆ ಇದನ್ನ ಬೇಡಿದ್ರು. ಇನ್ನೂ ನೋಡೋದು ಭಾಳ ಐತಂತ. ತಮ್ಮ ಹೆಸರಲೆ ಇನ್ನೊಂದು ಕಾಯಿ ಒಡಸಿದ್ರು, ಪರೀಕ್ಷಾ ಮುಗದ್ರ ಅವರ ನೌಕರಿನೂ ಮುಗಿತದಂತ. ಸಾವಕಾರ್ರದ್ದೂ ಅದ ಮಾತು, ವಖಾರಿಗೆ ಬರೋ ಸರಕಾರದ ಬಾಡಗಿ ನಿಲ್ಲತದಂತ. ಮುಗೀಬೇಕು ಅನ್ನಾವರು ಯಾರರ ನಿಮ್ಮೂರಾಗ ಇದ್ರ ಅವರನ್ನೂ ಒಮ್ಮೆ ಕಳಸ್ರೆವ್ವಾ. ದೇವರಿಗೂ ಎರಡು ಮಗ್ಗಲಾ ಕೇಳಿ ನ್ಯಾಯಾ ಮಾಡಬೇಕಾಗತೈತಿ."

ಗೊಂಬಿ

ದೊಡ್ಡ ಸಾಹೇಬರು ಬಂದ್ರು. ಯಂತ್ರ ಗೆದ್ದಿತು. ಅದರಾಗ ಮೋಸ ಏನೂ ಇದ್ದಿಲ್ಲ. ಯಂತ್ರದ ಹಿಂದ ಅರಳಿ ಮಾಳಗಿ ಮುಟ್ಟೋಹಂಗ ಬಿದ್ದಿತ್ತು. ಅಕ್ಕನ ಹಿಂದ ಒಂದು ಕೂಸಿನ ತಲಿದಿಂಬಿನಷ್ಟು. ಅಕ್ಕ ಎದ್ದು ಹೋಗಿ ಯಂತ್ರದ ಅರಳಿ ಒಂದು ಹಿಡಿ ತಗೊಂಡು, ಎಳದು ನೋಡಿ, "ಚಲೋ ಐತಿ" ಅಂದಳು. ಅಷ್ಟ.

ಆವತ್ತಿನಿಂದ ಅಕಿ ನಮ್ಮ ಮನ್ಯಾಗ ಉಣ್ಣಲಿಕ್ಕೆ ಬಂದಳು. ನನ್ನ ಸೊಸಿ ಒಳ್ಳೆಯಾಕಿ, "ದೊಡ್ಡವ್ವಾ ಇನ್ನೊಂದು" ಅಂತ ರೊಟ್ಟಿ ನೀಡತಿದ್ದಳು. ಅಕ್ಕ ತಾಟಿನ ಮ್ಯಾಲೆ ಕೈ ಅಡ್ಡ ಇಡತಿದ್ದಳು. ಊಟಾದ ಮ್ಯಾಲೆ ಪಡಸಾಲ್ಯಾಗ ಕಂಬಕ್ಕ ಆತು ಕುಂಡ್ರತಿದ್ದಳು. ಸೀರಿ ನಿರಗಿ ಕೆಳಗ ಅಕಿಯ ಪಾದ ತಮ್ಮಷ್ಟಕ್ಕ ತಾವ ಹಿಂದ-ಮುಂದ ಆಡತಿದ್ದವು. ನಾ ನೋಡಿ ನೋಡದಾಂಗ ಒಳಗ ಹೋಗತಿದ್ದೆ.

ಆ ವಾರದಾಗ ಒಂದು ದಿನ ಸಾಹೇಬರೂ ಕಾರಕೂನರೂ ಬಂಡಿ ಹೊಡಕೊಂಡು ನಮ್ಮ ಬಾಗಲಕ್ಕ ಬಂದ್ರು. ಸಾಹೇಬರು ಕೆಟ್ಟವರಲ್ಲ, ಅಕ್ಕನ್ನ ನೋಡಿ ಟೊಪ್ಪಿಗಿ ತಗದ್ರು.

"ಅವ್ವಾ, ನಿನ್ನ ಕಲ್ಲು, ಸಳಿ, ಹಾವಿಗಿ ಸಾಹೇಬರಿಗೆ ಬೇಕಂತ" ಅಂದ್ರು ಕಾರಕೂನರು. "ಮುಂಬಯಿಯೊಳಗ ಒಂದು ದೊಡ್ಡ ಮನಿ ಅದ. ದೇಶದ ಸಾಮಾನೆಲ್ಲಾ ತಂದು ಇಡ್ತಾರ, ಮಂದಿ ಬಂದು ನೋಡ್ತಾರ. ಹಿಂದಿನ ಕಾಲದಾಗ ಹತ್ತಿ ಹ್ಯಾಂಗ ಬಿಡಸತಿದ್ರು ಅಂತ ತೋರಸಬೇಕಂತ."

"ಹಿಂದಿನ ಕಾಲ ಅಂದ್ರ ಯಾವಾಗ್ರಿ?" ಅಂದಳು ಅಕ್ಕ. "ಹ್ವಾದ ಸೋಮವಾರೇನ?"

ಆ ಮಾತನ್ನ ಕಾರಕೂನರು ಸಾಹೇಬರಿಗೆ ಮುಟ್ಟಸಲಿಲ್ಲ.

"ಒಯ್ರಿ, ನನಗೇನು ಮಾಡೋದೈತಿ" ಅಂದಳು ಅಕ್ಕ. "ಆದ್ರ ಹಾವಿಗಿ ಮೆಟ್ಟಿಕೊಂಡು ಅಲ್ಲಿ ಕುಂಡ್ರಾಕಿ ಯಾರು?"

"ಮಣ್ಣಿನ ಗೊಂಬಿ ಮಾಡಸ್ತಾರವ್ವಾ. ನಿನ್ನಷ್ಟ ಎತ್ತರ. ನಿನ್ನಂಥಾದ ಸೀರಿ ಉಡಸ್ತಾರ. ಮಳಿ-ಗಾಳಿ ತಾಗದಾಂಗ ಅದಕ್ಕೊಂದು ಖೋಲಿ. ದಿನಾ ಧೂಳಾ ಝಾಡಸಲಿಕ್ಕೆ ಒಬ್ಬ ಆಳು. ಎಲ್ಲಾದಕ್ಕೂ ಮಂಜೂರಿ ಬಂದದ."

ಅಕ್ಕ ಕಂಬ ಬಿಟ್ಟು ನೆಟ್ಟಗ ಕುಂತಳು.

"ಅಷ್ಟೆಲ್ಲಾ ಮಾಡೋರು ಗೊಂಬಿ ಯಾಕ್ರಿ ಮಾಡಸತೀರಿ? ನಾನ ಬರತೀನಿ. ಸೀರಿ ನನ್ನ ಹತ್ತರ ಐತಿ. ಅಲ್ಲಾಡದಾಂಗ ಕುಂಡ್ರೋದು ನನಗೂ ಬರತೈತಿ ಈಗ."

ನನಗ ನಗು ಬಂತು, ಅದರ ಬೆನ್ನಹಿಂದ ಅಳುನೂ ಬಂತು. ಕಾರಕೂನರು ಈ ಸಲ ಮಾತು ನುಂಗಲಿಲ್ಲ, ಇದ್ದದ್ದು ಇದ್ದಾಂಗ ಸಾಹೇಬರಿಗೆ ಹೇಳಿದ್ರು. ಸಾಹೇಬರ ಮಾರಿ ಕೆಂಪಾತು. ಇಬ್ಬರೂ ಅಂಗಳದಾಗ ನಿಂತು ಭಾಳ ಹೊತ್ತು ಮಾತಾಡಿದ್ರು. ಅಕ್ಕ ಅವರ ಬಾಯಿ ನೋಡಿಕೋತ, ತಲಿಮ್ಯಾಲೆ ಸೆರಗು ಸರಿ ಮಾಡಿಕೊಂಡು, ಖರೇನ ಹೊಂಡಾಕಿಯಾಂಗ ಕುಂತಿದ್ದಳು. ಕಡೀಕ ಕಾರಕೂನರು ಉತ್ತರಿ ಹೆಗಲಿಗೆ ಏರಿಸಿಕೊಂಡು ಹತ್ತರ ಬಂದ್ರು.

"ಅವ್ವಾ, ಸಾಹೇಬರಿಗೆ ಮನಸ್ಸು ಭಾಳ ಅದ. ಆದ್ರ ಮಂಜೂರಿ ಗೊಂಬಿಗಷ್ಟ ಆಗೇದ."