ಒಂದು ಗ್ಲೌಸು, ಒಂದು ಜೊತೆ ಶೂ

ಹೇರೋಹಳ್ಳಿಯ ಚಿಕ್ಕಣ್ಣ ಹೋದ ಭಾನುವಾರ ಬೆಳಗ್ಗೆ ಗಾಲ್ಫ್ ಮೈದಾನದಲ್ಲಿ ತೀರಿಕೊಂಡ. ಅರವತ್ತಾರು ವರ್ಷ, ಹೃದಯಾಘಾತ. ಕಾಲಲ್ಲಿ ಶೂ ಇರಲಿಲ್ಲ.

ಮೂರನೆಯ ದಿನ ಹಾಲುತುಪ್ಪ ಮುಗಿಸಿ ಬಂದ ಮೇಲೆ ಅವನ ಹೆಂಡತಿ ಲಿಂಗಮ್ಮ ಅದನ್ನೇ ಹಿಡಿದರು. ಎದುರಿಗೆ ಕೂತಿದ್ದವನು ಸುಧೀಂದ್ರ. ಚಿಕ್ಕಣ್ಣನ ಹೈಸ್ಕೂಲು ಗೆಳೆಯ, ಬಸವೇಶ್ವರನಗರದ ನಿವೃತ್ತ ಇಂಜಿನಿಯರ್, ಗಾಲ್ಫೆಂಬ ಈ ಅನಾಹುತದ ಏಕೈಕ ಸಂಸ್ಥಾಪಕ. ತೊಡೆಯ ಮೇಲಿನ ಚೀಲದಲ್ಲಿ ಚಿಕ್ಕಣ್ಣನ ಶೂ ಇದ್ದವು.

"ಆ ಶೂಗೆ ಹತ್ತು ದಿನ ನನ್ನ ಪ್ರಾಣ ತಿಂದ್ರು ಕಣಣ್ಣ. ಬರಿಗಾಲಲ್ಲಿ ಯಾಕೆ ಬಂದ್ರು?"

ನಿಜ, ಹತ್ತು ದಿನ. ಸುಧೀಂದ್ರನ ಹಳೆಯ ಚೀಫ್ ಇಂಜಿನಿಯರ್ ಅವನನ್ನು ಕ್ಲಬ್ಬಿಗೆ ಕರೆದಿದ್ದರು. ಜೊತೆಗೊಬ್ಬ ಅತಿಥಿ ಬರಬಹುದಿತ್ತು. "ಆಡಿದ್ರೆ ನಿಮ್ಮ ಸಾಹೇಬ್ರು ಬ್ಯಾಟು ಕೆಳಗಿಡಬೇಕು, ಹಂಗಾಡ್ತೀನಿ," ಎಂದು ಚಿಕ್ಕಣ್ಣ ಘೋಷಿಸಿದ. ಅದು ಬ್ಯಾಟಲ್ಲ ಎಂದು ಹೇಳಲು ಸುಧೀಂದ್ರನಿಗೆ ಧೈರ್ಯ ಬರಲಿಲ್ಲ.

ರಾಜಾಜಿನಗರದ ಅಂಗಡಿಯಲ್ಲಿ ಗ್ಲೌಸಿಗಾಗಿ ಮೊದಲ ಯುದ್ಧ.

"ಇನ್ನೊಂದು ಕೈದು ಕೊಡಪ್ಪ."

"ಒಂದೇ ಬರೋದು ಸಾರ್. ಎಡಗೈಗೆ."

"ಬಲಗೈ ಏನು ಪಾಪ ಮಾಡೈತೆ?"

ಮನೆಯಲ್ಲಿ ಎರಡನೆಯದು. ಗ್ಲೌಸು ನೋಡಿದ ಲಿಂಗಮ್ಮ, "ಗುದ್ದಲಿ ಹಿಡಿದ ಕೈಗೆ ಈಗ ಸ್ವೆಟರ್ರಾ?" ಎಂದರು. ಅಡಿಯಲ್ಲಿ ಮುಳ್ಳಿರುವ ಶೂ ತೊಟ್ಟು ಚಿಕ್ಕಣ್ಣ ನಡುಮನೆಯಲ್ಲಿ ಓಡಾಡಿದಾಗ, "ಟೈಲ್ಸ್ ಉಳುಮೆ ಮಾಡ್ತಿದೀರಾ?" ಎಂದರು. ಪರೀಕ್ಷೆಗೆಂದು ತಂದಿದ್ದ ಇನ್ನೊಂದು ಜೊತೆ, ಮುಳ್ಳಿಲ್ಲದ್ದನ್ನು ಹಾಕಿಕೊಂಡು ತಾರಸಿಗೆ ಹೋದವನು ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ, ಒಣಹಾಕಿದ್ದ ಹಪ್ಪಳಗಳ ಮೇಲೆ ಆಸೀನನಾದ. ಹಪ್ಪಳಗಳ ಬಲಿದಾನದಿಂದ ಮುಳ್ಳಿನ ಶೂ ಗೆದ್ದಿತು.

ಲಿಂಗಮ್ಮ ಉತ್ತರಕ್ಕೆ ಕಾಯುತ್ತಿದ್ದರು. ಆಸ್ಪತ್ರೆಯಲ್ಲಿ ಬಿಚ್ಚಿದರು ಎಂಬ ಸುಳ್ಳನ್ನು ಸುಧೀಂದ್ರ ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ. ಅದನ್ನು ಹೇಳಲಿಲ್ಲ.

"ಅವನೇ ಬಿಚ್ಚಿದ ಕಣಮ್ಮ," ಎಂದ.

ಆ ಭಾನುವಾರ ಆಟದಲ್ಲಿ ಚೆಂಡನ್ನು ಕುಳಿಗೆ ತಳ್ಳುವ ಜಾಗ ಬಂದಿತ್ತು. ಗುಂಡಗೆ, ನಯವಾಗಿ, ಸಾರಿಸಿಟ್ಟ ಹಾಗೆ ಕತ್ತರಿಸಿದ ಹುಲ್ಲು. ಚಿಕ್ಕಣ್ಣ ಅಂಚಿನಲ್ಲೇ ನಿಂತುಬಿಟ್ಟ. ಕೂತು ಲೇಸು ಬಿಚ್ಚತೊಡಗಿದ. ಸಾಹೇಬರು ನೋಡುತ್ತಿದ್ದರು.

"ಏ ಚಿಕ್ಕ, ಇಲ್ಲಿ ಶೂ ಬಿಚ್ಚಂಗಿಲ್ಲ. ಹಾಕ್ಕೊಳೋ, ಮಾನ ತೆಗೀಬೇಡ."

"ರಾಗಿ ಕಣ ಇದ್ದಂಗೈತಲ್ಲೋ ಸುಧಿ. ಮೆಟ್ಟು ಹಾಕ್ಕೊಂಡು ಹೆಂಗೋ ತುಳಿಯೋದು?"

"ಇವರು ನಿಮ್ಮ ಕಡೆಯವರಾ?" ಎಂದರು ಸಾಹೇಬರು.

"ಹೀಗೇ, ಪರಿಚಯ," ಎಂದು ಸುಧೀಂದ್ರ ಅವರ ಜೊತೆ ಮುಂದೆ ನಡೆದ. ಐವತ್ತು ವರ್ಷದ ಗೆಳೆತನಕ್ಕೆ ಅವನು ಕೊಟ್ಟ ಕೊನೆಯ ಹೆಸರು ಅದು.

ಇಷ್ಟನ್ನೂ ಅವನು ತಲೆತಗ್ಗಿಸಿ ಹೇಳಿ ಮುಗಿಸಿದ. ಲಿಂಗಮ್ಮ ಬೈಯಲಿಲ್ಲ. ಚೀಲ ತೆಗೆದುಕೊಂಡು ಕಿಟಕಿಯ ಆಚೆ ನೋಡಿದರು.

"ನಮ್ಮ ಕಣ ಎಲ್ಲಿತ್ತು ಗೊತ್ತಾ ಅಣ್ಣ? ಬಂದಾಗೆಲ್ಲ ಕಾರು ನಿಲ್ಲಿಸ್ತೀರಲ್ಲ, ಅಲ್ಲೇ. ನೀವು ಹೋದ್ಮೇಲೆ ಚಕ್ರದ ಗುರುತಿಗೆ ಅವ್ರೇ ನೀರು ಹಾಕಿ ಸಾರಿಸ್ತಿದ್ರು. ನಿಮಗೆ ಹೇಳಬೇಡ ಅಂದಿದ್ರು, ಬೇಜಾರು ಮಾಡ್ಕೋತೀರಾಂತ."

ಸುಧೀಂದ್ರ ಉಳಿದಿದ್ದನ್ನೂ ಹೇಳಿದ. ಹತ್ತು ಹೆಜ್ಜೆ ಹೋದ ಮೇಲೆ ಅವನು ಒಮ್ಮೆ ಹಿಂತಿರುಗಿ ನೋಡಿದ್ದ. ಚಿಕ್ಕಣ್ಣ ಎರಡೂ ಶೂಗಳನ್ನು ಅಂಚಿನಾಚೆ ಜೋಡಿಸಿಟ್ಟು, ಗ್ಲೌಸನ್ನು ಮಡಚಿ ಒಂದರೊಳಗೆ ತುರುಕಿದ. ಮೊಣಕಾಲೂರಿ ಬಗ್ಗಿ, ಬಲಗೈಯಿಂದ ಹುಲ್ಲು ಮುಟ್ಟಿ, ಕಣ್ಣಿಗೊತ್ತಿಕೊಂಡ.