ಬಲಗಡೆ ಸ್ಪೀಕರಿನ ಗಂಟಲು

ಕೆಟ್ಟ ಸಾಮಾನನ್ನು ಮನೆಯಿಂದಾಚೆ ಹಾಕುವುದಕ್ಕೆ ಬುದ್ಧಿ ಬೇಕಿಲ್ಲ, ಮೆಟ್ಟಿಲಿಳಿಯಲು ಎರಡು ಕಾಲಿದ್ದರೆ ಸಾಕು. ಅದನ್ನು ಮನೆಯಲ್ಲೇ ಉಳಿಸಿಕೊಳ್ಳಲು ಬುದ್ಧಿ ಬೇಕು, ತಾಳ್ಮೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿಯ ಮುಖ ನೋಡದೆ ಮಾತಾಡುವ ಅಭ್ಯಾಸ ಬೇಕು. ಮೊದಲೆರಡನ್ನು ನಾನು ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುತ್ತಾ ಕಲಿತೆ. ಮೂರನೆಯದು ಮದುವೆಯಾದ ಮೇಲೆ ತಾನಾಗಿ ಬಂತು. ಈಗ ಲಿಂಗರಾಜಪುರದಲ್ಲಿ ಪರದೆ ಬಟ್ಟೆಯ ಸ್ವಂತ ಅಂಗಡಿ ಇದೆ, ಅದರ ಮೇಲೆ ಮನೆ ಇದೆ, ಮನೆಯ ಹಾಲಿನಲ್ಲಿ ಸೊಂಟದೆತ್ತರದ ಎರಡು ಸ್ಪೀಕರುಗಳಿವೆ. ಈ ಕಥೆ ಅವುಗಳದ್ದು.

ಬೇರೆಯವರ ಥಾನು ಮಡಚುವುದನ್ನು ನಿಲ್ಲಿಸಿದ ವರ್ಷ ನನಗೋಸ್ಕರವೆಂದು ಕೊಂಡ ಮೊದಲ ವಸ್ತು ಅವು. ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಲ್ಲಿ ಮೂರು ಶನಿವಾರ ಸತತವಾಗಿ ಚೌಕಾಸಿ ಮಾಡಿದ್ದೆ. ಮೂರನೆಯ ಶನಿವಾರ ಅಂಗಡಿಯಾತ ನನ್ನನ್ನು ಕಂಡವನೇ, ತಗೊಂಡು ಹೋಗಿ, ನೀವು ಬರುವುದು ನಿಂತರೆ ಅದೇ ನನಗೆ ಲಾಭ ಎಂದ. ಆಟೋದಲ್ಲಿ ಒಂದನ್ನು ಪಕ್ಕದಲ್ಲಿ ಕೂರಿಸಿ, ಇನ್ನೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ತಂದೆ. ಅಂಥ ಜೋಡಿಯಲ್ಲಿ ಬಲಗಡೆಯದು ಈ ವರ್ಷ ಅಪಸ್ವರ ತೆಗೆಯಿತು. ಹಾಡುವವರು ಸ್ವಲ್ಪ ದನಿ ಎತ್ತಿದರೆ ಸಾಕು, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕರಕರ ಎನ್ನುತ್ತಿತ್ತು.

ನನ್ನ ಬಾಮೈದ ಗಿರೀಶ ಇಂದಿರಾನಗರದವನು. ಅವನಿಗೆ ಯಾವ ವಸ್ತುವೂ ಮೂರು ವರ್ಷ ದಾಟಬಾರದು. ಒಮ್ಮೆ ಬಂದು ಕೇಳಿದವನು, "ಬಿಡಿ ಭಾವ, ಇದರ ಕಾಲ ಮುಗೀತು" ಎಂದು ಹೋದ. ಮರುವಾರ ಸೌಂಡ್‌ಬಾರ್ ಎಂಬ ಉದ್ದನೆಯ ಕರಿ ಪಟ್ಟಿಯೊಂದು ಡಬ್ಬದ ಸಮೇತ ಮನೆಗೆ ಬಂತು. ಭಾನುವಾರ ತಾನೇ ಬಂದು ಅದನ್ನು ಗೋಡೆಗೆ ಹಾಕಿ, ಹೋಗುವಾಗ ನನ್ನ ಜೋಡಿಯನ್ನು ಕಾರಿನ ಡಿಕ್ಕಿಯಲ್ಲಿ ಸಾಗಿಸುವುದೆಂದು ಅಕ್ಕತಮ್ಮ ಫೋನಿನಲ್ಲೇ ತೀರ್ಮಾನಿಸಿದ್ದರು. ನಾನು ಕೂಗಾಡಿದ್ದಕ್ಕೆ ನನ್ನಾಕೆ ಸುಮಿತ್ರಾ ಒಂದು ರಿಯಾಯಿತಿ ಕೊಟ್ಟಳು. ಶನಿವಾರದೊಳಗೆ ಸರಿಯಾದರೆ ಇರಲಿ, ಇಲ್ಲದಿದ್ದರೆ ಆ ಜಾಗಕ್ಕೆ ಅವಳ ಹೊಲಿಗೆ ಮಿಷನ್ ಬರುತ್ತದೆ. ನಾನು ಹೋರಾಟಕ್ಕಿಳಿದೆ.

ಇಲ್ಲಿ ನಿಮಗೊಂದು ಬುದ್ಧಿಮಾತು, ಕೇಳದಿದ್ದರೂ ಹೇಳುತ್ತೇನೆ. ಸ್ಪೀಕರು ಕರಕರ ಎಂದರೆ ಸ್ಪೀಕರನ್ನೇ ಬೈಯಬೇಡಿ. ಆಂಪ್ಲಿಫೈಯರನ್ನು ಆರಿಸಿ, ಅದರ ಹಿಂಭಾಗದಲ್ಲಿ ಎಡದ ತಂತಿಗಳನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸಿ ಮತ್ತೆ ಅದೇ ಹಾಡು ಹಾಕಿ. ಕರಕರ ಇನ್ನೊಂದು ಸ್ಪೀಕರಿಗೆ ಹಾರಿದರೆ ರೋಗ ಬೇರೆ ಕಡೆ ಇದೆ. ಇದ್ದಲ್ಲೇ ಇದ್ದರೆ ಸ್ಪೀಕರಿಗೇ ಬಂದಿದೆ ಎಂದರ್ಥ. ನಮ್ಮದು ಇದ್ದಲ್ಲೇ ಇತ್ತು. ಸದ್ದು ತಗ್ಗಿಸಿದೆ, ಸಣ್ಣಗೆ ಕರಕರ. ಮುಂದಿನ ಬಲೆ ಬಿಚ್ಚಿ ನೋಡಿದೆ. ಕಾಗದದ ಕೋನ್ ಹರಿದಿರಲಿಲ್ಲ, ಸುತ್ತಲಿನ ರಬ್ಬರೂ ಬಿರುಕು ಬಿಟ್ಟಿರಲಿಲ್ಲ. ನಾಲ್ಕು ಬೆರಳನ್ನು ಸಮನಾಗಿ ಊರಿ ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿದಾಗ, ಒಳಗೆ ಏನೋ ಉಜ್ಜಿದ್ದು ಬೆರಳಿಗೇ ತಿಳಿಯಿತು. ಅಲ್ಲಿಗೆ ನನ್ನ ಪತ್ತೇದಾರಿ ಮುಗಿಯಿತು, ಅಪರಾಧಿಯೂ ಸಿಕ್ಕಿಬಿದ್ದ. ಕಳೆದ ಯುಗಾದಿಗೆ ಗಿರೀಶ ತನ್ನ ಫೋನನ್ನು ಆಂಪ್ಲಿಫೈಯರಿಗೆ ಸೇರಿಸಿ, ಕಿಟಕಿಯ ಗಾಜು ಅದುರುವಂತೆ ಏನೋ ಡಬಡಬ ಹಾಕಿದ್ದ. ಕೋನಿನ ಹಿಂದಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಟ್ಟಿರುವುದು ಅಂದೇ. ಇದನ್ನು ನಾನು ಆ ವಾರವಿಡೀ ಊಟಕ್ಕೊಮ್ಮೆ, ಕಾಫಿಗೊಮ್ಮೆ ಸುಮಿತ್ರಾಳಿಗೆ ವಿವರಿಸಿದೆ. ಅವಳು ಉಪ್ಪಿನಕಾಯಿ ಮುಂದೆ ತಳ್ಳುತ್ತಿದ್ದಳು.

ಶನಿವಾರ ಸ್ಪೀಕರನ್ನು ಹೊತ್ತು ಶಿವಾಜಿನಗರದ ಗಲ್ಲಿಯಲ್ಲಿರುವ ಮುನೀರ್ ಭಾಯ್ ಬಳಿಗೆ ಹೊರಟೆ. ಸುಮಿತ್ರಾಳೂ ಬಂದಳು. ಬ್ಲೌಸ್ ಪೀಸ್ ತರಬೇಕಿದೆ ಎಂಬುದು ನೆಪ. ತಮ್ಮನ ವಿಚಾರಣೆ ಅವನ ಬೆನ್ನ ಹಿಂದೆ ನಡೆಯಬಾರದೆಂಬುದು ನಿಜವಾದ ಕಾರಣ. ಮುನೀರ್ ಭಾಯ್ ಕೋನನ್ನು ಒತ್ತಿ ನೋಡುತ್ತಿದ್ದಾಗ ನಾನು ಯುಗಾದಿಯ ಘಟನೆಯನ್ನು ಸಾಕ್ಷಿ ಸಮೇತ ಹೇಳಿ ಮುಗಿಸಿದೆ. ಆತ ಕೋನಿನ ನಡುವೆ ಇದ್ದ ಬಟ್ಟೆಯ ಟೊಪ್ಪಿಯನ್ನು ಬ್ಲೇಡಿನಿಂದ ಬಿಡಿಸಿ, ಕನ್ನಡಕ ಇಳಿಸಿಕೊಂಡು ಒಳಗೆ ಇಣುಕಿದ. ಬೆರಳು ತಾಗಿಸಿ ಮೂಸಿದ.

"ಕಾಯಿಲ್ ಸುಟ್ಟಿದ್ರೆ ಕರ್ರಗಿರ್ಬೇಕು ಸಾರ್. ಇದು ಕೆಂಪಗಿದೆ. ಮನೇಲಿ ಪೂಜೆ ಯಾರು ಮಾಡೋದು?"

"ನನ್ನ ತಮ್ಮ ಅಂತೂ ಅಲ್ಲ ನೋಡಿ ಭಾಯ್" ಎಂದಳು ಸುಮಿತ್ರಾ. ವಾರದಿಂದ ಕೂಡಿಟ್ಟಿದ್ದ ಉತ್ತರ ಅದು.

ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಪ್ರತಿ ಆಯುಧಪೂಜೆಗೆ ಅಂಗಡಿಯ ಕತ್ತರಿ, ಗಜಕಡ್ಡಿ, ಸ್ಕೂಟರ್ ಎಲ್ಲಕ್ಕೂ ಪೂಜೆಯಾದ ಮೇಲೆ ಮಹಡಿ ಹತ್ತಿ ಈ ಜೋಡಿಗೂ ಮಾಡುವವನು ನಾನೇ. ಮರದ ಡಬ್ಬಿಗೆ ಇಟ್ಟರೆ ಕುಂಕುಮ ಬಡಗಿಗೆ ಸಲ್ಲುತ್ತದೆ, ಹಾಡುವ ಬಾಯಿಗೆ ಇಡಬೇಕೆಂಬುದು ನನ್ನ ತರ್ಕ. ಬಲಗಡೆಯದರ ಬಲೆ ತೆಗೆದು, ಟೊಪ್ಪಿಯ ನಟ್ಟನಡುವೆ ಧಾರಾಳವಾಗಿ ಇಡುತ್ತಿದ್ದೆ. ಎಡಗಡೆಯದರ ಬಲೆ ಸಿಕ್ಕಿಕೊಂಡು ಬರುವುದೇ ಇಲ್ಲವಾದ್ದರಿಂದ ಅದಕ್ಕೆ ಮರದ ಮೇಲೆಯೇ ಬೊಟ್ಟು. ವರ್ಷವಿಡೀ ಹಾಡಿನ ಅದುರುವಿಕೆಗೆ ಆ ಪುಡಿ ಬಟ್ಟೆಯ ಎಳೆಗಳಲ್ಲಿ ಇಳಿದು, ಕಾಯಿಲ್ ಆಡುವ ಕೂದಲೆಳೆಯ ಸಂದಿಯನ್ನು ಸೇರಿತ್ತು. ನನ್ನ ಭಕ್ತಿಗೆ ಸಿಕ್ಕಿದ್ದು ಕೆಮ್ಮುತ್ತಿತ್ತು, ಸಿಗದಿದ್ದದ್ದು ಆರೋಗ್ಯವಾಗಿತ್ತು.

ಹಾಗೆಂದು ನಾನು ತಲೆ ತಗ್ಗಿಸಿದೆನೆಂದು ತಿಳಿಯಬೇಡಿ. ಇಷ್ಟು ವರ್ಷ ಕುಂಕುಮ ತಿಂದೂ ಹಾಡಿದೆ, ಆ ಕರಿ ಪಟ್ಟಿಗೆ ಒಂದು ಚಿಟಿಕೆ ಹಾಕಿ ನೋಡೋಣ, ಎಷ್ಟು ದಿನ ಬಾಳುತ್ತದೋ ಎಂದು ಅಲ್ಲೇ ಸವಾಲು ಹಾಕಿದೆ. ಮುನೀರ್ ಭಾಯ್ ಸಮಾಧಾನ ಹೇಳುವವನಂತೆ, ದಸರಾ ಮುಗಿದ ಮೇಲೆ ತನಗೆ ಇಂಥ ಗಿರಾಕಿಗಳದ್ದೇ ಸೀಸನ್ ಎಂದ. ತೆಳುವಾದ ಪ್ಲಾಸ್ಟಿಕ್ ಪಟ್ಟಿಗೆ ಅಂಟಿನ ಟೇಪನ್ನು ಅಂಟು ಹೊರಗೆ ಬರುವಂತೆ ಸುತ್ತಿ ಸಂದಿಯೊಳಗೆ ಇಳಿಸಿ ಇಳಿಸಿ ತೆಗೆದ. ಪ್ರತಿ ಸಲವೂ ಅದು ಕೆಂಪಾಗಿ ಬರುತ್ತಿತ್ತು, ಪ್ರತಿ ಸಲವೂ ಸುಮಿತ್ರಾ ಬಗ್ಗಿ ನೋಡುತ್ತಿದ್ದಳು. ಕೊನೆಗೆ ಬೆಳ್ಳಗೆ ಬಂದಾಗ ಹೊಸ ಟೊಪ್ಪಿ ಅಂಟಿಸಿ, ಅಂಟು ಒಣಗಿದ ಮೇಲೆ ಹಾಡಿಸಿ ತೋರಿಸಿದ. ಹಾಲು ಕುಡಿದ ಮಗುವಿನ ಗಂಟಲು. ಅಷ್ಟು ಅವಮಾನದ ನಡುವೆಯೂ ನಾನು ಕೂಲಿಯಲ್ಲಿ ಚೌಕಾಸಿ ಬಿಡಲಿಲ್ಲ, ಅದನ್ನು ಇಲ್ಲಿ ದಾಖಲಿಸಬೇಕು.

ಭಾನುವಾರ ಗಿರೀಶ ಡ್ರಿಲ್ಲಿಂಗ್ ಮಿಷನ್ ಹಿಡಿದು ಬಂದ. ನಾನು ಹಾಡು ಹಾಕಿದೆ. ಆತ ಬಲಗಡೆಯ ಡಬ್ಬಿಗೆ ಕಿವಿ ಕೊಟ್ಟು ಪೂರ್ತಿ ಕೇಳಿದ, ಡ್ರಿಲ್ಲನ್ನು ಚೀಲಕ್ಕೆ ಹಾಕಿದ. ಸೌಂಡ್‌ಬಾರ್ ಡಬ್ಬದ ಸಮೇತ ವಾಪಸು ಹೋಗುವುದೆಂದಾಯಿತು.

"ಒಪ್ಕೊಂಡೆ ಭಾವ. ಅಲ್ಲ, ಅದಕ್ಕೆ ಆಗಿದ್ದಾದ್ರೂ ಏನು?"

"ಧೂಳು ಕಣೋ" ಎಂದೆ.

"ಯಾವ ಬಣ್ಣದ್ದು ಅಂತ ಕೇಳೋ ಗಿರಿ" ಎಂಬ ಮಾತು ಅಡುಗೆಮನೆಯಿಂದ ಬಂತು.

ನಾನು ಸದ್ದನ್ನು ಪೂರ್ತಿ ಏರಿಸಿದೆ. ಈಗ ಎಷ್ಟು ಏರಿಸಿದರೂ ಒಂದಿಷ್ಟೂ ಕರಕರ ಇಲ್ಲ.