ಬೆಲ್ಲ ನೀರು ಕೊಟ್ಟವಳು

ಮಗುವಿನ ಕೈ ಹಿಡಿದು ಊರಿಗೆ ಹೊರಟವನು ಕಥೆ ಹುಡುಕಬೇಕಾಗಿಲ್ಲ. ಬಸ್ಸು ಹತ್ತಿದರೆ ಸಾಕು, ಅವೇ ಬಂದು ತೊಡೆಯ ಮೇಲೆ ಕೂರುತ್ತವೆ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು, ಮೀಸೆ ಮೂಡುವ ಮೊದಲೇ ಮನೆಯನ್ನೂ ಬಿಟ್ಟು, ಊರೂರಿನ ಹೋಟೆಲುಗಳಲ್ಲಿ ದೋಸೆ ಹೊಯ್ದು ಹುಬ್ಬಳ್ಳಿಯಲ್ಲಿ ನಿಂತವನು. ನಡುವೆ ಒಮ್ಮೆ ಬಂದಾಗ ಅಪ್ಪ, "ನೆಂಟನ ಹಾಗೆ ಬಂದುಹೋಗುವವನ ಹತ್ತಿರ ನನಗೆ ಮಾತಿಲ್ಲ" ಎಂದಿದ್ದರು. ಅದೇ ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು. ಎಂಟು ವರ್ಷದ ಮೇಲೆ, ನಾಲ್ಕು ವರ್ಷದ ಮಗಳನ್ನು ತೋರಿಸಿಯಾದರೂ ಅವರ ಬಾಯಿ ತೆರೆಸುವ ಎಂದು ಹೊರಟೆ.

೧

ಮೊದಲು ಇಳಿದದ್ದು ಪಾಣೆಮಂಗಳೂರಿನ ಅಕ್ಕನ ಮನೆಯಲ್ಲಿ. ನಮ್ಮ ಕಡೆ ನೆಂಟರು ಬಂದರೆ ಮೊದಲು ಬೆಲ್ಲ, ನೀರು; ಮಾತು ಆಮೇಲೆ. ಮನೆಯವರಿಗೆ ಆ ಮರ್ಯಾದೆ ಇಲ್ಲ.

ಮಗಳು ಬೆಲ್ಲ ತಿಂದಳು. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಇಳಿದು, ಚಪ್ಪಲಿ ಹಾಕಿಕೊಂಡು, ಬೇಲಿಯ ದಣಪೆಯವರೆಗೆ ಹೋಗಿ ತಿರುಗಿ ಬಂದು ಜಗಲಿಯಲ್ಲಿ ಕೂತಳು. "ಅತ್ತಿ, ನಾ ಬಂದೆ." ಅಕ್ಕ ನಗುತ್ತಾ ಮತ್ತೆ ಕೊಟ್ಟಳು. ಮೂರನೆಯ ಸಲವೂ ಕೊಟ್ಟಳು.

ನಾಲ್ಕನೆಯ ಸಲ ಬಾಗಿಲು ಹಾಕಿ ಒಳಗಿನಿಂದಲೇ ಹೇಳಿದಳು: "ಮನೆಯಲ್ಲಿ ಯಾರೂ ಇಲ್ಲ."

೨

ಬೆಳ್ತಂಗಡಿ ಬಸ್ಸಿನಲ್ಲಿ ಪಕ್ಕ ಕೂತ ಬ್ಯಾರಿ ಸಾಹುಕಾರರು, "ಯಾವ ಮನೆ?" ಎಂದರು. ಹೇಳಿದೆ.

"ಓ, ತಂದೆ ಮಾತು ಬಿಟ್ಟದ್ದು ನಿನ್ನ ಹತ್ತಿರವಾ?"

ಅಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಯಿತು. ಒಬ್ಬರು ಕಾಲಿಗೆ ಬೀಳು ಎಂದರು, ಮೀನಿನ ಬುಟ್ಟಿಯ ಹೆಂಗಸು ಮಗುವನ್ನು ಮುಂದೆ ಬಿಡು ಎಂದಳು. ಗುರುವಾಯನಕೆರೆಯ ಈಚೆಗೆ ನಮ್ಮ ಮನೆ ರಸ್ತೆಗೇ ಕಾಣುತ್ತದೆ. ನಾವು ಇಳಿದ ಮೇಲೂ ಬಸ್ಸು ಹೊರಡಲಿಲ್ಲ; ಕಿಟಕಿಗಳ ತುಂಬಾ ತಲೆಗಳು. ಜಗಲಿಯಲ್ಲಿದ್ದ ಅಪ್ಪ ನನ್ನನ್ನು ನೋಡಿ, ಎದ್ದು, ಒಳಗೆ ಹೋದರು.

ಕಂಡಕ್ಟರ್ ಸೀಟಿ ಊದಿದ. "ಹೋಗುವ. ಇವತ್ತು ಏನೂ ಆಗ್ಲಿಕ್ಕಿಲ್ಲ."

೩

ಅಮ್ಮ ಮಗುವಿಗೆ ಬೆಲ್ಲ ನೀರು ತಂದಳು. ಇನ್ನೊಂದು ಚೆಂಬು ಅವಳ ಕೈಯಲ್ಲೇ ಉಳಿಯಿತು. ನನಗೆ ಕೊಟ್ಟರೆ ನಾನು ನೆಂಟನಾದೆ. ಕೊಡದಿದ್ದರೆ ಬಿಸಿಲಲ್ಲಿ ಬಂದ ಮಗನಿಗೆ ನೀರಿಲ್ಲ. ಒಳಗೊಮ್ಮೆ, ನನ್ನನ್ನೊಮ್ಮೆ ನೋಡಿ ಅದನ್ನು ಹೊಸ್ತಿಲ ಮೇಲಿಟ್ಟು, "ಬಾಯಾರಿದವರು ಕುಡಿಯಲಿ" ಎಂದಳು.

ಎರಡು ದಿನ ಅಪ್ಪ ನಾಯಿಯ ಹತ್ತಿರ ಮಾತಾಡಿದರು. "ಬಾವಿಯ ಹಗ್ಗ ಸವೆದಿದೆ, ಗೊತ್ತುಂಟಾ ನಿನಗೆ?" ನಾನು ಹಗ್ಗ ಬದಲಾಯಿಸಿದೆ. "ದನದ ಹಟ್ಟಿಯ ಮಾಡಿನ ಮುಳಿಹುಲ್ಲು ಹಾರಿದೆ." ಮೇಲೆ ಹತ್ತಿ ಹೊಸ ಹುಲ್ಲು ಹೊದೆಸಿದೆ.

ಸಂಜೆ ಅಪ್ಪ ನಾಯಿಯ ತಲೆ ಸವರಿ, "ಪರವಾಗಿಲ್ಲ, ಕೆಲಸ ಗೊತ್ತುಂಟು ನಿನಗೆ" ಎಂದರು.

೪

ಮೂರನೆಯ ದಿನ ಸಂಜೆಯ ಬಸ್ಸಿಗೆ ನಾವು ಹೊರಡಬೇಕು. ಅಪ್ಪ ಬೆಳಿಗ್ಗೆಯೇ ಮೂಡಬಿದಿರೆಗೆ ಹೋಗಿದ್ದರು. ನನ್ನ ಮುಖ ನೋಡದಿರಲಿಕ್ಕೇ ಹೋದದ್ದು ಎಂದುಕೊಂಡು ನಾನು ಚೀಲ ಕಟ್ಟುತ್ತಾ ಕೂತಿದ್ದೆ.

ಮಧ್ಯಾಹ್ನ ತಲೆಯ ಮುಂಡಾಸು ಬಿಚ್ಚುತ್ತಾ ಅಪ್ಪ ಅಂಗಳಕ್ಕೆ ಬಂದರು. ಜಗಲಿಯಲ್ಲಿದ್ದ ಮಗಳು ಎದ್ದು ನಿಂತಳು.

"ಬರ್ರಿ, ಕೂಡ್ರಿ. ನೀರು ತರ್ತೀನಿ."

ಅಪ್ಪ ಕೂತರು. ತಾವೇ ಕಟ್ಟಿಸಿದ ಜಗಲಿಯ ತುದಿಯಲ್ಲಿ, ಹೊಸಬರ ಹಾಗೆ. ಅವಳು ಎರಡು ಕೈಯಲ್ಲಿ ಚೆಂಬು ಹಿಡಿದು ತಂದು, ಅರ್ಧ ಚೆಲ್ಲಿ ಕೆಳಗಿಟ್ಟು, ಮತ್ತೆ ಒಳಗೆ ಹೋಗಿ ಅಂಗೈಯಲ್ಲಿ ಬೆಲ್ಲ ತಂದು ಕೊಟ್ಟಳು. ಅದರ ಒಂದು ಮೂಲೆಯನ್ನು ಆಗಲೇ ಕಚ್ಚಿಯಾಗಿತ್ತು.

"ಯಾವೂರು?"

"ಇದೇ ಊರು" ಎಂದರು ಅಪ್ಪ, ಅವಳಿಗೆ ತಿಳಿಯಲೆಂದು ಶಾಲೆಯ ಕನ್ನಡದಲ್ಲಿ, ನಿಧಾನವಾಗಿ. "ನಾನು ಎಷ್ಟು ದಿನ ಇರಬಹುದು?"

ಮಗಳು ಒಳಗೆ ಹೋಗಿ ಡಬ್ಬಿ ನೋಡಿ ಬಂದಳು. "ಬೆಲ್ಲ ಇರೋತನಕ ಇರ್ರಿ. ಒಂದೇ ತುಂಡು ಐತಿ."

ನಗು ತಡೆಯದೆ ಅಪ್ಪನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಹೆಗಲು. ಕಣ್ಣು ಒರೆಸಿಕೊಂಡು ನಾಯಿಯನ್ನು ಹುಡುಕಿದರು. ಅದು ಅಲ್ಲಿರಲಿಲ್ಲ. ಕೊನೆಗೆ ನನ್ನನ್ನೇ ನೋಡಬೇಕಾಯಿತು.

"ಕೇಳಿದಿಯಾ ಮಾರಾಯ? ಹೋಗು, ಗುರುವಾಯನಕೆರೆಯಿಂದ ನಾಲ್ಕು ಅಚ್ಚು ಬೆಲ್ಲ ತಾ."

ನಾನು ಚಪ್ಪಲಿ ಹಾಕಿಕೊಂಡು ದಣಪೆ ದಾಟಿದ್ದೆ. ಹಿಂದಿನಿಂದ ಕೂಗಿದರು:

"ಈ ಸಲ ತಿರುಗಿ ಬಾ. ಮಗು ಇಲ್ಲೇ ಉಂಟು."